ಎಣ್ಣೆ ಮಾರಿದವರು ಬ್ಯಾಂಕಾಕ್ ನೋಡಿದ್ದು

ನಾನು ವಿದೇಶ ಕಂಡದ್ದು ನನ್ನ ಯೋಗ್ಯತೆಯಿಂದಲ್ಲ, ಹತ್ತಿಯ ಕಾಯಿ ಕೊರೆಯುವ ಹುಳದ ದಯೆಯಿಂದ. ಯರಗಟ್ಟಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಆ ಹುಳ ನಮ್ಮ ಸೀಮೆಯ ಹತ್ತಿಗೆ ಬಿದ್ದಿತ್ತು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ರೈತರು ಎಣ್ಣೆ ಹೊಡೆದರು, ಹುಳ ಸಾಯಲಿಲ್ಲ. ಮತ್ತೆ ಒಯ್ದು ಹೊಡೆದರು. ಅದು ಸಾಯದೆ ಉಳಿದಷ್ಟೂ ನನ್ನ ವ್ಯಾಪಾರ ಬೆಳೆಯಿತು. ಎಣ್ಣೆ ತಯಾರಿಸುವ ಕಂಪನಿ ಮೆಚ್ಚಿಕೊಂಡು, ಹೆಚ್ಚು ಮಾರಿದ ಅಂಗಡಿಕಾರರನ್ನು ಬ್ಯಾಂಕಾಕಿಗೆ ಕರೆದೊಯ್ಯುವುದಾಗಿ ಹೇಳಿತು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಊರವರು ನನಗೆ ಹಾರ ಹಾಕಿದರು. ಹಾಕಿದವರಲ್ಲಿ ಹತ್ತಿ ಕಳೆದುಕೊಂಡವರೂ ಇದ್ದರು. ನಾನು ನಾಚದೆ ಕೊರಳು ಒಡ್ಡಿದೆ.

ಗುಂಪಿನಲ್ಲಿ ನನಗೆ ಜೊತೆಯಾದವರು ಸುರೇಬಾನದ ಹಿರಿಯ ಅಂಗಡಿಕಾರರು. ಕಾಕಾ ಎಂದು ಕರೆಯುತ್ತಿದ್ದೆ. ಧೋತರ, ಬಿಳಿ ಟೊಪ್ಪಿಗೆ, ಹೆಗಲ ಚೀಲದ ತುಂಬ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಪರದೇಶದಲ್ಲಿ ನೀರೊಂದನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದರು.

ಮೊದಲ ದಿನ ಬೆಳಿಗ್ಗೆ ಕಂಪನಿಯವನು ನಮ್ಮನ್ನು ಬಸ್ಸಿನಲ್ಲಿ ತುಂಬಿ ದೊಡ್ಡದೊಂದು ಆಭರಣದ ಅಂಗಡಿಯಲ್ಲಿ ಇಳಿಸಿದ. ಬ್ಯಾಂಕಾಕಿನಲ್ಲಿ ಮೊದಲು ನೋಡಬೇಕಾದ ಸ್ಥಳ ಇದೇ ಅಂತೆ. ಕಾಕಾ ಒಂದು ಸುತ್ತು ಹಾಕಿ ಬಂದರು.

“ತಮ್ಮಾ, ಬಂಗಾರ ನೋಡಾಕ ಸಮುದ್ರ ದಾಟಿ ಬರಬೇಕೇನು? ಸವದತ್ತಿ ಪ್ಯಾಟ್ಯಾಗ ಇಲ್ಲೇನು? ನಡಿ, ಊರ ನೋಡೂಣು.”

ಕಂಪನಿಯವನು ಉಂಗುರ ಹಾಕಿ ನೋಡುವುದರಲ್ಲಿ ಮುಳುಗಿದ್ದ. ನಾವು ಹಿಂದಿನ ಬಾಗಿಲಿನಿಂದ ಜಾರಿಕೊಂಡೆವು.

ರಸ್ತೆ ದಾಟುವಾಗ ಕಾಕಾ ಊರಿನ ರೂಢಿಯಂತೆ ಕೈ ಅಡ್ಡ ಹಿಡಿದು ನಡುರಸ್ತೆಗೆ ಇಳಿದರು. ವಾಹನಗಳೆಲ್ಲ ಗಕ್ಕನೆ ನಿಂತವು. ಪೊಲೀಸನೊಬ್ಬ ಸೀಟಿ ಊದುತ್ತ ಓಡಿಬಂದ. ಕಾಕಾ ಹೆದರಿ ಕೈಮುಗಿದರು. ಅವನೂ ಕೈಮುಗಿದು ತಲೆ ಬಾಗಿಸಿದ!

“ನೋಡಪಾ, ಇವರೂ ನಮ್ಮವರ ಅದಾರ,” ಎಂದರು ಕಾಕಾ. ಅಲ್ಲಿಂದ ಮುಂದೆ ಎದುರಿಗೆ ಬಂದವರಿಗೆಲ್ಲ ಕೈಮುಗಿಯುತ್ತ ಚುನಾವಣೆಗೆ ನಿಂತವರಂತೆ ನಡೆದರು. ಹೋಟೆಲೊಂದರ ಬಾಗಿಲಲ್ಲಿ ಕೈಮುಗಿದು ನಿಂತ ಆಳೆತ್ತರದ ಪ್ಲಾಸ್ಟಿಕ್ ಬೊಂಬೆಗೂ ಮುಗಿದರು. ಅದು ಕೈ ಇಳಿಸಲಿಲ್ಲ. ಮೊದಲು ಇಳಿಸಿದರೆ ಅಗೌರವವೆಂದು ಕಾಕಾ ಕೂಡ ಇಳಿಸಲಿಲ್ಲ. ನಾನು ತೋಳು ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಹೀಗೆ ದಾರಿ ತಪ್ಪಿ ಒಂದು ಕಾಯಿಪಲ್ಲೆ ಸಂತೆಗೆ ಬಂದು ಮುಟ್ಟಿದೆವು. ನಡುವಯಸ್ಸಿನ ಹೆಂಗಸೊಬ್ಬಳು ಸೊಪ್ಪು ಮಾರುತ್ತಿದ್ದಳು. ಎಲೆಗಳ ತುಂಬ ತೂತು. ಕಾಕಾ ಅವರೊಳಗಿನ ವ್ಯಾಪಾರಿ ಎದ್ದು ಕುಳಿತ.

“ಅಯ್ಯ ತಂಗಿ, ಎಂಥಾ ಹುಳಾ ಬಿದ್ದೈತಿ ಇದಕ್ಕ! ಎಣ್ಣಿ ಹೊಡದಿಲ್ಲೇನು?”

ಆಕೆ ಮಿಕಿಮಿಕಿ ನೋಡಿದಳು. ಕಾಕಾ ಬೆನ್ನಿಗೆ ಪಂಪು ಹೊತ್ತಂತೆ ಬಾಗಿ, ಒಂದು ಕೈಯಿಂದ ಹ್ಯಾಂಡಲ್ ಒತ್ತುತ್ತ, ಇನ್ನೊಂದು ಕೈಯಿಂದ ಸೊಪ್ಪಿನ ಮೇಲೆ “ಸ್ಸ್, ಸ್ಸ್” ಎಂದು ಹೊಡೆದು ತೋರಿಸಿದರು. ಜನ ಸೇರಿದರು.

ಆಕೆಗೆ ತಿಳಿಯಿತು. ಜೋರಾಗಿ ತಲೆ ಅಲ್ಲಾಡಿಸಿ, ತನ್ನ ಕಿರುಬೆರಳನ್ನೇ ಹುಳ ಮಾಡಿಕೊಂಡು ತೂತಿನ ಎಲೆಯ ಮೇಲೆ ಹರಿದಾಡಿಸಿದಳು. ಹುಳ ಎಲೆ ತಿಂದಿತು, ಸುಖವಾಗಿ ಮುಂದೆ ಹೋಯಿತು. ಅದೇ ಎಲೆ ಹರಿದು ತಾನೂ ತಿಂದು ಹೊಟ್ಟೆ ಸವರಿಕೊಂಡಳು. ಆಮೇಲೆ ಪಕ್ಕದವಳ ಬುಟ್ಟಿಯಿಂದ ತೂತಿಲ್ಲದ, ಮಿರಿಮಿರಿ ಮಿಂಚುವ ಸೊಪ್ಪೊಂದನ್ನು ಎತ್ತಿದಳು. ಕಿರುಬೆರಳು ಅದರ ಮೇಲೆ ಎರಡು ಹೆಜ್ಜೆ ಹರಿದು ಸತ್ತುಬಿತ್ತು. ಆಕೆ ತನ್ನ ಗಂಟಲು ಹಿಡಿದುಕೊಂಡು ಕಣ್ಣು ಮೇಲೆ ಮಾಡಿದಳು.

ಸಂತೆಯೇ ನಕ್ಕಿತು. ಕಾಕಾ ಕೂಡ ನಕ್ಕರು. ನಗುತ್ತ ನಗುತ್ತಲೇ ಅವರ ಬಾಯಿ ಮುಚ್ಚಿತು.

“ಏನಂದ್ಳಪಾ ಆಕಿ?” ಎಂದು ನನ್ನನ್ನು ಕೇಳಿದರು.

“ಭಾಷಾ ತಿಳೀಲಿಲ್ರಿ ಕಾಕಾ,” ಎಂದೆ.

ಕಾಕಾ ಚೀಲ ಬಿಚ್ಚಿ ಆಕೆಗೆ ಚಟ್ನಿ ಹಚ್ಚಿದ ಒಂದು ರೊಟ್ಟಿ ಕೊಟ್ಟರು. ಅದು ಹಪ್ಪಳದಂತೆ ಮುರಿದ ಸದ್ದಿಗೆ ಬೆಚ್ಚಿ, ಚಟ್ನಿಗೆ ಕಣ್ಣರಳಿಸಿ, ಆಕೆ ಒಂದು ಸಿವುಡು ಸೊಪ್ಪು ಕೊಟ್ಟಳು. ತೂತಿನದನ್ನೇ.

ಹೋಟೆಲಿನ ಚೀಟಿ ತೋರಿಸಿ ಆಟೋ ಹಿಡಿದು ವಾಪಸ್ಸಾದೆವು. ಬಾಗಿಲಲ್ಲಿ ಕಂಪನಿಯವನು ಬೆವೆತು ನಿಂತಿದ್ದ. “ಎಲ್ಲಿ ಹೋಗಿದ್ರಿ?”

“ಮಾರ್ಕೆಟ್ ಸರ್ವೆ ಮಾಡಾಕರಿ,” ಎಂದರು ಕಾಕಾ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮಧ್ಯಾಹ್ನದ ಊಟದ ವೇಳೆ ಇಡೀ ಗುಂಪಿನ ಮುಂದೆ ಚಪ್ಪಾಳೆ ಹೊಡೆಸಿದ. ಕೋಣೆಗೆ ಬಂದ ಮೇಲೆ ಕಾಕಾ ಆ ಸೊಪ್ಪನ್ನು ತೊಳೆದು, ಹೆಂಡತಿಗೆ ಕೊಟ್ಟ ಮಾತು ಮುರಿದು, ರೊಟ್ಟಿಯ ಜೊತೆ ಹಸಿಯದನ್ನೇ ತಿಂದರು. ಅರ್ಧ ನನಗೂ ಕೊಟ್ಟರು.

ಊರಿಗೆ ಬಂದ ಮೇಲೆ ನನಗೆ ಸತ್ಕಾರವಾಯಿತು. ಮೇಲ್ಸೇತುವೆಗಳ ಬಗ್ಗೆ ಬಹಳ ಹೊತ್ತು ಮಾತಾಡಿದೆ. ಅಲ್ಲಿಯ ಕೃಷಿ ಬಹಳ ಮುಂದುವರಿದಿದೆ ಎಂದೂ ಹೇಳಿದೆ. ಹೇಗೆಂದು ಯಾರೂ ಕೇಳಲಿಲ್ಲ.

ಕೆಲವು ತಿಂಗಳ ನಂತರ ಸುರೇಬಾನಕ್ಕೆ ಹೋಗಿದ್ದೆ. ಕಾಕಾ ಹಿತ್ತಲಲ್ಲಿ ಬದನೆ, ಮೆಂತ್ಯೆ ಹಾಕಿದ್ದರು. ಒಂದು ಹನಿ ಎಣ್ಣೆ ಮುಟ್ಟಿಸಿರಲಿಲ್ಲ. ಅಂಗಡಿಯಲ್ಲಿ ಮಾತ್ರ ಗೋಡೆಯ ಗೂಡುಗಳ ತುಂಬ ಎಣ್ಣೆಯ ಡಬ್ಬಿಗಳಿದ್ದವು.

“ಇದೇನ್ರಿ ಕಾಕಾ?” ಎಂದೆ.

“ಹೊಟ್ಟಿ ಬ್ಯಾರೆ, ಹೊಟ್ಟಿಪಾಡು ಬ್ಯಾರೆ ತಮ್ಮಾ.”

ನಾಲ್ಕು ಮಾತು ಆಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಅವರ ಹೆಂಡತಿ ಬದನೆಕಾಯಿಯ ಚೀಲವೊಂದನ್ನು ನನ್ನ ಕೈಗಿತ್ತರು. ಅಂದಿನಿಂದ ವಾರಕ್ಕೊಮ್ಮೆ ಸುರೇಬಾನದ ಕಡೆಯ ಬಸ್ಸಿನಲ್ಲಿ ನನಗೊಂದು ಚೀಲ ಬರತೊಡಗಿತು. ಹುಳ ಮುಟ್ಟಿದವನ್ನೇ ಆರಿಸಿ ಕಳಿಸಿರೆಂದು ನಾನೇ ಫೋನು ಮಾಡಿ ಹೇಳಿದ್ದೆ.