ತುಳಸಿ ಕಟ್ಟೆಯ ಮೇಲಿನ ಹದ್ದು

ನಿಮ್ಮ ಅಮ್ಮನನ್ನು ನಾನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟದ್ದು ನಿಮ್ಮಿಬ್ಬರಿಗೂ ತಿಳಿದಿದೆ. "ಅಜ್ಜಿ, ಮಮ್ಮಿ ಜೊತೆ ಫೈಟಾ?" ಎಂದು ದೊಡ್ಡವಳು ಕೇಳಿದಳು. ಜಗಳವಲ್ಲ. ಆದರೆ ಇಂಥದ್ದನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಿಮ್ಮ ಅಜ್ಜ ಇದ್ದಷ್ಟು ದಿನ ನನ್ನ ಪರವಾಗಿ ಅವರೇ ಮಾತಾಡುತ್ತಿದ್ದರು. ಈಗ ಬರೆಯುತ್ತೇನೆ. ನಿಧಾನವಾಗಿ ಓದಿ.

ಇದು ಶುರುವಾದದ್ದು ದೊಡ್ಡವಳ ಶಾಲೆಯ ಪ್ರಾಜೆಕ್ಟಿನಿಂದ. ಅಮೆರಿಕದ ಒಬ್ಬ ಹಳೆಯ ಅಧ್ಯಕ್ಷರ ಬಗ್ಗೆ ಅವಳು ಬರೆಯಬೇಕಿತ್ತು. ಈ ಅರಬರ ನಾಡಿನಲ್ಲಿ, ಅಲ್ ಗರಾಫಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ಆ ಅಧ್ಯಕ್ಷರ ಪತ್ರ, ಫೋಟೊ, ಭಾಷಣ, ಊರೂರುಗಳಿಂದ ಅವರಿಗೆ ಬಂದ ಉಡುಗೊರೆ, ಎಲ್ಲವನ್ನೂ ಆ ದೇಶದವರು ಒಂದು ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರಂತೆ. ಚಿಕ್ಕಂದಿನಲ್ಲಿ ಅವರು ಅಪ್ಪನಿಗೆ ಬರೆದ ಕಾಗದ ಕೂಡ ಇದೆಯಂತೆ. ಕಂಪ್ಯೂಟರಿನಲ್ಲೇ ನೋಡಬಹುದು.

ಆ ಮುಖ ನನಗೆ ಗೊತ್ತಿತ್ತು. ನಮ್ಮೂರ ಕನ್ನಡ ಶಾಲೆಯ ಗೋಡೆಗೆ ಅದನ್ನೇ ಅಂಟಿಸಿದ್ದರು. ಆ ದೇಶದಿಂದ ಬಂದ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ನಮಗೆಲ್ಲ ಕುಡಿಸುತ್ತಿದ್ದರು. ಈ ಸಾಹೇಬರೇ ಕಳಿಸಿದ್ದು ಎಂದು ಅಕ್ಕೋರು ಹೇಳಿದ್ದರು. ಅಕ್ಕೋರು ಅಂದರೆ ನಮ್ಮ ಶಾಲೆಯ ಟೀಚರ್. ಹುಡುಗಿಯರು ಮೂರನೇ ಇಯತ್ತೆಗೇ ಶಾಲೆ ಬಿಡುವ ಊರಿನಲ್ಲಿ ಅವರು ಮನೆಗೆ ಬಂದು, ನನ್ನಪ್ಪನ ಜೊತೆ ವಾದ ಮಾಡಿ ನನ್ನನ್ನು ಏಳನೆಯವರೆಗೆ ಓದಿಸಿದರು. ಈ ಅಕ್ಷರಗಳು ಅವರು ಕಲಿಸಿದವು. ನಿಮ್ಮ ಅಮ್ಮ ಹುಟ್ಟಿದಾಗ ನಾನು ಬೇರೆ ಹೆಸರು ಯೋಚಿಸಲೇ ಇಲ್ಲ. ಅವರ ಹೆಸರನ್ನೇ ಇಟ್ಟೆ.

ಹಾಲಿನ ಪುಡಿ ಕಳಿಸಿದವರಿಗೆ ನಾವೂ ಏನಾದರೂ ಕಳಿಸಬೇಕು ಎಂದದ್ದು ಅಕ್ಕೋರೇ. ನನ್ನ ಅವ್ವ ಕಸೂತಿಯಲ್ಲಿ ಹೆಸರಾದವಳು. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ಥರ ಕಾಣುವಂತೆ ಹೊಲಿಯುತ್ತಿದ್ದಳು. ಅಕ್ಕೋರು ಯಾವುದೋ ಮಾಸಿಕದಲ್ಲಿದ್ದ ಆ ದೇಶದ ಮುದ್ರೆಯ ಚಿತ್ರ ತಂದು ತೋರಿಸಿದರು. ಅವ್ವ ಹಿಂದೆ ಸರಿದಳು.

"ಇದು ಹದ್ದಲ್ಲೇನ್ರಿ? ಬಟ್ಟಿ ಮ್ಯಾಲೆ ಹದ್ದ ಯಾರ ಹೊಲೀತಾರ್ರಿ? ಅಪಶಕುನ."

"ಅವರ ದೇಶದಾಗ ಅದಕ್ಕ ಭಾಳ ಮಾನ ಅದ. ನವಿಲು ಕಳಿಸಿದ್ರ ಅವರಿಗೇನು ತಿಳೀತದ? ನಾ ಹೇಳ್ತೀನಲ್ಲ, ಹಾಕು."

ಅವ್ವನಿಗೆ ಅಕ್ಕೋರ ಮಾತು ಅಂದರೆ ಮುಗಿಯಿತು. ತನ್ನ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ರೇಷ್ಮೆ ಎಳೆ ಬಿಡಿಸಿ, ಕರಿ ಬಟ್ಟೆಯ ಮೇಲೆ ಹೊಲಿದಳು. ಅವಳ ಕೈಗೆ ನವಿಲು ಒಗ್ಗಿತ್ತು, ಹಾಗಾಗಿ ಹದ್ದಿನ ಕುತ್ತಿಗೆ ನವಿಲಿನ ಕುತ್ತಿಗೆಯಂತೆ ಬಳುಕಿತು. ಮನಸ್ಸು ತಡೆಯದೆ ಹದ್ದಿನ ಕಾಲ ಕೆಳಗೆ ಒಂದು ತುಳಸಿ ಕಟ್ಟೆ ಬಿಡಿಸಿದಳು. "ತುಳಸಿ ಮ್ಯಾಲೆ ಕುಂತ್ರ ಹದ್ದಿಗೂ ದೋಷ ಇರೂದಿಲ್ಲ ಬಿಡು" ಎಂದು ನನಗೆ ಹೇಳಿ ನಕ್ಕಳು. ಆ ನಗು ನನಗೆ ಇನ್ನೂ ಕಾಣುತ್ತದೆ.

ಅಕ್ಕೋರು ಪೇಟೆಗೆ ಹೋಗಿ ಪಾರ್ಸಲ್ ಕಳಿಸಿ ಬಂದರು. ಅವ್ವ ಶಾಲೆಯ ಮುಂದೆ ಹಾಯುವಾಗಲೆಲ್ಲ ಕೇಳುವಳು, "ಉತ್ತರ ಏನರ ಬಂತೇನ್ರಿ ಅಕ್ಕೋರ?" ಇಲ್ಲ ಎಂದೇ ಅವರು ಹೇಳುತ್ತಿದ್ದರು. ಆಮೇಲೆ ಒಂದು ದಿನ ಆ ಅಧ್ಯಕ್ಷರನ್ನು ಗುಂಡು ಹಾರಿಸಿ ಕೊಂದರು ಎಂಬ ಸುದ್ದಿ ಬಂತು. ಶಾಲೆಗೆ ರಜೆ ಕೊಟ್ಟರು. ಸಂಜೆ ಬಾವಿಕಟ್ಟೆಯಲ್ಲಿ ಹೆಂಗಸರು ಶುರುಮಾಡಿದರು. "ಹದ್ದ ಹೊಲಿದ ಕಳಸಿದೆಲ್ಲ ಯವ್ವಾ, ಹೋಗಿ ಅವನ ಮನಿ ಮ್ಯಾಲೆ ಕುಂತತು ನೋಡು." ಅಕ್ಕೋರೂ ಅಲ್ಲೇ ನಿಂತಿದ್ದರು. ಹದ್ದು ಹಾಕಿಸಿದ್ದು ತಾವೇ ಎಂದು ಅವರು ಒಪ್ಪಿಕೊಳ್ಳುತ್ತಾರೆ ಎಂದುಕೊಂಡು ಅವ್ವ ಅವರ ಮುಖ ನೋಡಿದಳು. ಅವರು ಕೊಡ ಎತ್ತಿಕೊಂಡು, "ಹೊಲಿದಾಕಿ ನೀ. ನನಗೇನ ಗೊತ್ತು ನಿಮ್ಮ ಶಕುನ" ಎಂದು ಹೊರಟುಹೋದರು.

ಅವ್ವ ಮತ್ತೆ ಸೂಜಿ ಹಿಡಿಯಲಿಲ್ಲ. ದೂರದ ದೇಶದ ಒಬ್ಬ ಹೆಂಗಸಿನ ಕುಂಕುಮ ತನ್ನ ಕೈಯಿಂದ ಹೋಯಿತು ಎಂಬ ಭಯ ಅವಳನ್ನು ಸಾಯುವವರೆಗೂ ಬಿಡಲಿಲ್ಲ. ಅಕ್ಕೋರ ಬಗ್ಗೆ ಮಾತ್ರ ಒಂದು ಕೆಟ್ಟ ಮಾತೂ ಆಡಲಿಲ್ಲ. ಪಟ್ಟಣದವರು, ನಮ್ಮ ನಂಬಿಕೆ ಅವರಿಗೆ ತಿಳಿಯುವುದಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಅವತ್ತು ಮೇಜಿನ ಬಳಿ ನಾನು, "ಉಡುಗೊರೆಯೊಳಗ ಕರಿ ಬಟ್ಟಿ ಐತೇನು ನೋಡವ್ವಾ" ಎಂದೆ. ದೊಡ್ಡವಳು ಹುಡುಕಿದಳು. ಚಿತ್ರಗಳು ಒಂದರ ಹಿಂದೆ ಒಂದು ಸರಿದವು. ಆನೆ ದಂತ, ಬೆಳ್ಳಿ ತಟ್ಟೆ, ಯಾರೋ ಕೆತ್ತಿದ ಹಡಗು. ಆಮೇಲೆ ಅದು ಬಂತು. ನವಿಲಿನ ಕುತ್ತಿಗೆಯ ಹದ್ದು, ಕಾಲ ಕೆಳಗೆ ತುಳಸಿ ಕಟ್ಟೆ. ಕೆಂಪು ಒಂದಿಷ್ಟೂ ಮಾಸಿರಲಿಲ್ಲ.

"ಅಜ್ಜಿ, ವೇಟ್. ಇದರಲ್ಲಿ ಮಮ್ಮಿ ನೇಮ್ ಇದೆ!" ಎಂದು ಅವಳು ನಕ್ಕಳು. ಹೊಲಿದವರು ಎಂಬಲ್ಲಿ ಅಕ್ಕೋರ ಹೆಸರಿತ್ತು. ಪಕ್ಕದಲ್ಲಿ ಬಟ್ಟೆ ಹಿಡಿದುಕೊಂಡು ನಿಂತ ಅವರ ಫೋಟೊ. ಪಾರ್ಸಲ್ ಜೊತೆ ಕಳಿಸಿದ್ದಂತೆ. ಅದರ ಕೆಳಗೆ, ಅಧ್ಯಕ್ಷರು ಬದುಕಿದ್ದಾಗಲೇ ಅವರ ಕಚೇರಿಯಿಂದ ಅಕ್ಕೋರಿಗೆ ಹೋದ ವಂದನೆಯ ಪತ್ರದ ನಕಲು. ಪತ್ರ ದಾರಿಯಲ್ಲಿ ಕಳೆದಿರಬಹುದು ಎಂದು ನಾನು ಯೋಚಿಸಿ ನೋಡಿದೆ. ಆದರೆ ಆ ಹೆಸರು ದಾರಿಯಲ್ಲಿ ಬದಲಾದದ್ದಲ್ಲ. ಹೊಗಳಿಕೆಗೆ ಅವರು, ಅಪಶಕುನಕ್ಕೆ ನನ್ನ ಅವ್ವ.

ದೊಡ್ಡವಳು "ಪ್ರಾಜೆಕ್ಟ್ ಖಲಾಸ್" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಬಾಗಿಲು ತೆರೆದು ನಿಮ್ಮ ಅಮ್ಮ ಆಫೀಸಿನಿಂದ ಒಳಗೆ ಬಂದಳು. ಕರೆಯಲು ಬಾಯಿ ತೆರೆದೆ. ಹೆಸರು ಬರಲಿಲ್ಲ.

ಆ ಹೆಸರಿನ ಬಗ್ಗೆ ಅವಳಿಗೆ ಎಷ್ಟು ಹೆಮ್ಮೆ ಎಂದು ನಿಮಗೂ ಗೊತ್ತು. ಸಿಕ್ಕವರಿಗೆಲ್ಲ ಅದರ ಕಥೆ ಹೇಳುತ್ತಾಳೆ. ಆ ಬಟ್ಟೆಯ ಕೆಳಗೆ ಅವ್ವನ ಹೆಸರು ಬರೆಸಬೇಕೆಂದರೆ ಮಗಳ ಹೆಸರನ್ನು ಕೆಡಿಸಬೇಕು. ಅದಕ್ಕೇ ಸುಮ್ಮನಿದ್ದೆ. ಕಳೆದ ಶುಕ್ರವಾರ ನೀವಿನ್ನೂ ಎದ್ದಿರಲಿಲ್ಲ, ಅವಳೇ ಚಹಾ ತಂದು ಎದುರಿಗೆ ಕೂತಳು.

"ಏನಾತಬೇ ನಿನಗ? ನನಗ ಹೆಸರಿಲ್ಲೇನು?"

ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಚಹಾ ಆರಿತು. ಅವಳು ಎರಡೂ ಲೋಟ ಒಳಗೆ ಇಟ್ಟು ಬಂದಳು. ಆಮೇಲೆ, "ಪಾಸ್‌ಪೋರ್ಟಿಂದ ಹಿಡಿದು ಎಲ್ಲಾ ಕಡೆ ಅದ ಹೆಸರ ಐತಿ. ನಾ ಇನ್ನ ಎಲ್ಲಿಗ ಹೋಗಿ ಬದಲಸ್ಲಿ?" ಎಂದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಫೋನ್ ತೆಗೆದುಕೊಂಡು, "ನಿಮ್ಮವ್ವನ ಪೂರಾ ಹೆಸರ ಹೇಳು, ಅವರಿಗೆ ಬರೀತೀನಿ" ಎಂದಳು.

ಸಂಗ್ರಹಾಲಯದವರಿಗೆ ಪತ್ರ ಹೋಗಿದೆ. ನನ್ನ ಬಳಿ ಸಾಕ್ಷಿ ಏನೂ ಇಲ್ಲ. ಹದ್ದಿನ ಕಾಲ ಕೆಳಗೆ ತುಳಸಿ ಯಾಕಿದೆ ಎಂಬುದನ್ನು ಮಾತ್ರ ಬರೆಸಿದೆ. ಉತ್ತರ ಇನ್ನೂ ಬಂದಿಲ್ಲ. ನಿಮ್ಮ ಅಮ್ಮ ದಿನಾ ಬೆಳಿಗ್ಗೆ ಫೋನ್ ನೋಡಿ ಇಲ್ಲವೆಂದು ತಲೆಯಾಡಿಸುತ್ತಾಳೆ. ಈಗ ನಾನು ಅವಳನ್ನು ಆ ಹೆಸರಿನ ಬದಲು "ಅವ್ವಾ" ಎಂದು ಕರೆಯುತ್ತೇನೆ. ಓಗೊಡುತ್ತಾಳೆ, ಒಂದು ಗಳಿಗೆ ತಡವಾಗಿ.