ಮಂಜಣ್ಣ ಇಡ್ಲಿಗೂ ಬಾಯಿ ತೆರೆಯಲಿಲ್ಲ

ಮಹಾಜನರೇ, ಐತಿಹಾಸಿಕ ಸುದ್ದಿ! ನಮ್ಮ ಬ್ಯಾಂಕಿನ ವಿಜಯವಾಡ ಶಾಖೆಯ ಮಹಾವಾಚಾಳಿ ಮಂಜಣ್ಣ ಇಂದು ಇಡ್ಲಿಗೂ ಬಾಯಿ ತೆರೆಯಲಿಲ್ಲ.

"ಮೌನವ್ರತವೇನೋ? ಬ್ಯಾಂಕಿಗೆ ಶಾಂತಿ!" ಎಂದು ಛೇಡಿಸಿದೆ.

ಹಲ್ಲು ಕಚ್ಚಿಕೊಂಡೇ, "ದವಡೆ ಬಿಡ್ತಿಲ್ಲ ಮಾರಾಯ" ಎಂದ.

ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಡಾಕ್ಟರಮ್ಮ ಹಲ್ಲಿನ ಸಂದಿಯಿಂದ ಹೇಗೋ ಗಂಟಲಿಗೆ ಕಡ್ಡಿ ಮುಟ್ಟಿಸಿದರೆ ಅದನ್ನೇ ಕಚ್ಚಿ ಹಿಡಿದ. ನಾನು ನಕ್ಕೆ, ಅವರು ನಗಲಿಲ್ಲ. "ಗಾಯಂ ಏಮೈನಾ ಅಯಿಂದಾ ಅಂಡಿ?" ಎಂದು, ಗಾಯವೇನಾದರೂ ಆಗಿತ್ತೇ ಅಂತ ತೆಲುಗಿನಲ್ಲಿ ಕೇಳಿದರು.

"ಹೋದ ವಾರ ಮಲ್ಲಿಗೆ ಕುಂಡದ ಮಣ್ಣು ಅಗೆಯುವಾಗ ಕೈಗೆ ಬಿದಿರು ಸಿಬಿರು ಚುಚ್ಚಿತ್ತು. ಕಬ್ಬಿಣ ಅಲ್ಲವಲ್ಲ, ಟಿಟಿ ಇಂಜೆಕ್ಷನ್ ಯಾಕೆ ಅಂತ ಅರಿಶಿನ ಮೆತ್ತಿಕೊಂಡ" ಎಂದೆ.

"ತುಕ್ಕೇ ಬೇಕಿಲ್ಲ, ಮಣ್ಣು ಸಾಕಂಡಿ. ಇದು ಟೆಟನಸ್."

ಈಗ ಐಸಿಯುವಿನಲ್ಲಿದ್ದಾನೆ. ಸಣ್ಣ ಸದ್ದಿಗೂ ಮೈ ಬಿಲ್ಲಿನಂತೆ ಸೆಟೆಯುತ್ತದೆ. ಬೆಳಗಿನ ನನ್ನ ಜೋಕು ನನಗೇ ನುಂಗಲಾಗುತ್ತಿಲ್ಲ.

ದಯವಿಟ್ಟು ಅವನಿಗೆ ಫೋನ್ ಮಾಡಬೇಡಿ. ನಿಮ್ಮ ಕೊನೆಯ ಟಿಟಿ ಯಾವಾಗ ಎಂದು ಮನೆಯಲ್ಲಿ ಕೇಳಿ. ಯಾರಿಗೂ ನೆನಪಿಲ್ಲದಿದ್ದರೆ ನಾಳೆಯೇ ಹಾಕಿಸಿಕೊಳ್ಳಿ.