ಅತ್ತೆಯ ಮಳೆಲೆಕ್ಕ, ನನ್ನ ಡಾಸ್ ಪ್ರೋಗ್ರಾಮು

ನಮ್ಮ ಕಡೆ ಹೂಮಳೆಯ ಕಾಲದಲ್ಲಿ ಫೋನ್ ಮಾಡಿದವರು ಹಲೋ ಅನ್ನುವುದಿಲ್ಲ, "ನಿಮ್ಮಲ್ಲಿ ಎಷ್ಟು?" ಎಂದು ಕೇಳುತ್ತಾರೆ. ಎಷ್ಟು ಇಂಚು, ಎಷ್ಟು ಸೆಂಟು ಮಳೆ ಎಂದು ಅದರ ಅರ್ಥ. ನೂರು ಸೆಂಟು ಸೇರಿದರೆ ಒಂದಿಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ಯಾವ ಕಾಲವಾಯಿತೋ, ಕಾಫಿ ತೋಟದವರ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ಒಂದಿಂಚು ಸರಿಯಾಗಿ ಬಿದ್ದರೆ ಗಿಡವೆಲ್ಲ ಹೂವಾಗುತ್ತದೆ, ಅರೆಬರೆ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಕೆಡುತ್ತದೆ. ಪಕ್ಕದ ತೋಟಕ್ಕಿಂತ ಕಡಿಮೆ ಬಿತ್ತೆಂದು ಹೇಳಲು ನಾಚಿಕೆಯಾಗಿ ಹತ್ತು ಸೆಂಟು ಸೇರಿಸಿ ಹೇಳುವ ದೊಡ್ಡ ಮನುಷ್ಯರೂ ಇದ್ದಾರೆ. ನಮ್ಮತ್ತೆ ಅಂಥವರಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅವರು ಶನಿವಾರಸಂತೆಯ ಆಚೆಗಿನ ಈ ತೋಟಕ್ಕೆ ಸೊಸೆಯಾಗಿ ಬಂದರು. ಬಂದ ವರ್ಷವೇ ಅವರ ಮಾವ ಮಳೆ ಅಳೆಯುವ ಗಾಜಿನ ಕೊಳವೆಯನ್ನು ಕೈಗೆ ಕೊಟ್ಟು, "ಲೆಕ್ಕ ಬರ್ಯೋ ರೈಟರಿಗ್ ಬಿಟ್ರೆ ಒಂದಿನ ಅಳೀತಾನೆ, ಒಂದಿನ ಮರೀತಾನೆ. ಇನ್ ಮೇಲೆ ಇದು ನಿಂದು ಕಣವ್ವ," ಅಂದರಂತೆ. ಅಂದಿನಿಂದ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅಂಗಳದ ಡಬ್ಬಿಯಲ್ಲಿ ನಿಂತ ನೀರನ್ನು ಆ ಕೊಳವೆಗೆ ಬಗ್ಗಿಸಿ ನೋಡುವುದು ಅವರ ಕೆಲಸವಾಯಿತು. ಬಾಣಂತನದಲ್ಲೂ ಮಂಚದಿಂದಲೇ ಎಷ್ಟೆಂದು ಕೇಳುತ್ತಿದ್ದರಂತೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಕುಶಾಲನಗರದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ, ಮನೆಗೂ ಒಂದು ಕಂಪ್ಯೂಟರ್ ತರಿಸಿದೆ. ಕಪ್ಪು ಪರದೆ, ಬಿಳಿ ಅಕ್ಷರದ ಡಾಸ್ ಕಾಲ ಅದು. ಮೌಸ್ ಇರಲಿಲ್ಲ, ಚಿತ್ರ ಇರಲಿಲ್ಲ, ಟೈಪ್ ಮಾಡಿದ ಮಾತನ್ನಷ್ಟೇ ಅದು ಕೇಳುತ್ತಿತ್ತು. ಜೀವಮಾನದಲ್ಲಿ ನಾನು ಬರೆದದ್ದು ಒಂದೇ ಪ್ರೋಗ್ರಾಮು, ಅತ್ತೆಯ ಮಳೆಲೆಕ್ಕಕ್ಕೆ. ಮಳೆ ಎಂದು ಇಂಗ್ಲಿಷಿನಲ್ಲಿ ಎಂ, ಎ, ಎಲ್, ಇ ಒತ್ತಿದರೆ ತೆರೆಯುತ್ತದೆ. ಇಂಚು ಕೇಳುತ್ತದೆ, ಸೆಂಟು ಕೇಳುತ್ತದೆ, ಕೊಟ್ಟ ಮೇಲೆ ಒಂದು ಬೀಪ್ ಅನ್ನುತ್ತದೆ. ಆ ಬೀಪ್ ಹಾಕಿದ್ದು ಬರೀ ಶೋಕಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ನನಗೆ ಅದರ ಮೇಲೆ ಪ್ರೀತಿ. ಅತ್ತೆ ಎರಡೇ ದಿನದಲ್ಲಿ ಕಲಿತರು.

ವರ್ಷಗಳು ಕಳೆದಂತೆ ಅವರ ಕಣ್ಣು ನಿಧಾನವಾಗಿ ಹೋಯಿತು. ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ, ಆಪರೇಷನ್ನಿಗೆ ಬಗ್ಗಲಿಲ್ಲ. ಒಲೆ ಬೇಡ, ಕತ್ತಿ ಬೇಡ, ಮೆಟ್ಟಿಲು ಬೇಡ ಎಂದು ಒಂದೊಂದೇ ಕೆಲಸವನ್ನು ನಾವು ಅವರ ಕೈಯಿಂದ ತೆಗೆದುಕೊಂಡೆವು. ಮಳೆ ಮಾತ್ರ ಉಳಿಯಿತು. ಕೊಳವೆಯನ್ನು ಓದಿ ಹೇಳುವುದು ನಾನು, ಕಂಪ್ಯೂಟರಿಗೆ ಕೊಡುವುದು ಅವರು. ಅವರಿಗೆ ಬೇಕಾದ ಅಕ್ಷರಗಳ ಕೀಲಿಗಳ ಮೇಲೆ ನಾನು ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೆ. ಬೆರಳಿಗೆ ಬೊಟ್ಟು ಸಿಗುತ್ತಿತ್ತು, ಅಂಕಿಗಳು ಅಭ್ಯಾಸವಾಗಿದ್ದವು. ಕಣ್ಣಿದ್ದವರಿಗೆ ಬೇಸರ ತರಿಸುವ ಆ ಕಪ್ಪು ಪರದೆ ಕಣ್ಣಿಲ್ಲದ ಅವರಿಗೆ ಸರಿಯಾಗಿ ಹೊಂದಿತ್ತು.

ಒಂದು ಏಪ್ರಿಲ್ಲಿನಲ್ಲಿ ಹೂಮಳೆಯ ಜೊತೆ ಬಂದ ಸಿಡಿಲು ಆ ಹಳೆಯ ಕಂಪ್ಯೂಟರನ್ನು ಸುಟ್ಟುಹಾಕಿತು. ಒಳಗಿನ ಡಿಸ್ಕ್ ಪುಣ್ಯಕ್ಕೆ ಉಳಿದಿತ್ತು. ಸೋಮವಾರಪೇಟೆಯಿಂದ ಹೊಸದು ತಂದು ನನ್ನ ಪ್ರೋಗ್ರಾಮನ್ನು ಅದಕ್ಕೆ ಹಾಕಿದರೆ, ಇದು ಇಲ್ಲಿ ಓಡುವುದಿಲ್ಲ ಎಂದು ಒಂದು ಸಾಲು ಬರೆದು ಸುಮ್ಮನಾಯಿತು. ಅಂಗಡಿಯವನಿಗೆ ಫೋನ್ ಮಾಡಿದೆ. "ಹೊಸ ನೀರು ಬಂದ್ರೆ ಹಳೇ ನೀರು ಹೋಗ್ಲೇಬೇಕು ಮೇಡಂ. ಮೌಸ್ ಹಿಡಿದು ಕ್ಲಿಕ್ ಮಾಡೋಕೆ ಹೇಳಿ ಅಜ್ಜೀಗೆ," ಅಂದ. ಎಲ್ಲಿ ಕ್ಲಿಕ್ ಮಾಡಬೇಕೆಂದು ಕಾಣದವರಿಗೆ ಮೌಸ್ ಯಾವ ಸುಖಕ್ಕೆ? ಫೋನ್ ಕುಕ್ಕಿದೆ.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದೊಂದು ಇದೆಯೆಂದು ನಟಿಸುವ ಪ್ರೋಗ್ರಾಮುಗಳಿವೆ ಎಂದು ತಿಳಿಯಿತು. ನಮ್ಮ ಲೈನು ಬಂದುಹೋಗುವ ಜಾತಿಯದು. ಅಂತೂ ಅಂಥದೊಂದು ಪ್ರೋಗ್ರಾಮು ಡೌನ್‌ಲೋಡ್ ಆಯಿತು. ಯಾವ ಫೋಲ್ಡರನ್ನು ಸಿ ಡ್ರೈವ್ ಎಂದು ತಿಳಿಯಬೇಕೆಂದು ಅದಕ್ಕೆ ಹೇಳಿಕೊಟ್ಟೆ. ಹಳೆಯ ಕೀಬೋರ್ಡನ್ನೇ ಬೊಟ್ಟಿನ ಸಮೇತ ಸಿಕ್ಕಿಸಿದೆ. ಕಪ್ಪು ಪರದೆ ತೆರೆದು ನನ್ನ ಪ್ರೋಗ್ರಾಮು 'ಇಂಚು?' ಎಂದು ಕೇಳಿದಾಗ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಮಾರನೆಯ ಬೆಳಿಗ್ಗೆ ಅತ್ತೆಯನ್ನು ಕೂರಿಸಿದೆ. ಅವರು ಬೊಟ್ಟುಗಳನ್ನು ಸವರಿ, ಒಂದಿಂಚು ನಾಲ್ಕು ಸೆಂಟು ಕೊಟ್ಟು, ಎಂಟರ್ ಒತ್ತಿ ಕಾದರು. ಮತ್ತೆ ಮೊದಲಿನಿಂದ ಅದೇ ಲೆಕ್ಕ ಕೊಟ್ಟು ಕಾದರು.

"ತಗಳ್ಳಿಲ್ಲ ಕಣೆ," ಅಂದರು.

"ತಗೊಂಡಿದೆ ಅತ್ತೆ, ಪರದೆ ಮೇಲೆ ಬಂದಿದೆ."

"ನಿಂಗೆ ಕಾಣ್ತದೆ, ನಿಂಗೆ ಬಂದದೆ. ನಂಗೆ ಬಂದಿಲ್ಲ."

ಅಷ್ಟೆಲ್ಲ ಒದ್ದಾಡಿದವಳಿಗೆ ರೇಗಿತು. "ನಾನೇನು ಸುಳ್ಳು ಹೇಳ್ತೀನಾ?" ಅಂದೆ. ಅವರು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು, "ಸರಿ ಬುಡು, ಇನ್ ಮೇಲೆ ಮಳೇನೂ ನೀನೇ ನೋಡ್ಕ," ಅಂದರು.

ಸಿಟ್ಟು ಇಳಿದುಹೋಯಿತು. ಆ ಕೈಗಳಿಗೆ ಇನ್ನು ಯಾವ ಕೆಲಸವೂ ಇರಲಿಲ್ಲ. ಆಗ ಹೊಳೆಯಿತು, ಬೀಪ್ ಬಂದೇ ಇರಲಿಲ್ಲ. ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲೇ ಸಣ್ಣ ಸ್ಪೀಕರಿತ್ತು, ಹೊಸದಕ್ಕೆ ಹೊರಗಿನಿಂದ ಹಾಕಬೇಕು. ಹಾಡು ಕೇಳುವವರು ಯಾರೆಂದು ನಾನೇ ಅಂಗಡಿಯಲ್ಲಿ ಸ್ಪೀಕರ್ ಬೇಡ ಅಂದಿದ್ದೆ. ಶೋಕಿಗೆ ಹಾಕಿದ ಬೀಪ್ ಯಾವಾಗಲೋ ಅವರ ಕಣ್ಣಾಗಿತ್ತು, ಪಕ್ಕದಲ್ಲೇ ಕೂತಿದ್ದ ನನಗೆ ಅದು ತಿಳಿದಿರಲಿಲ್ಲ. ಬಹಳ ಸಂಕಟವಾಯಿತು.

ಅವರು ಕೃಷಿ ವಾರ್ತೆ ಕೇಳುವ ಟ್ರಾನ್ಸಿಸ್ಟರಿಗೆ ಒಂದು ಇಯರ್‌ಫೋನ್ ಇತ್ತು. ಅದನ್ನು ಕಿತ್ತು ತಂದು ಕಂಪ್ಯೂಟರಿನ ಹಿಂಭಾಗದ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವರ ಕಿವಿಗಿಟ್ಟೆ. "ಇನ್ನೊಂದು ಸಲ, ಅತ್ತೆ," ಅಂದೆ. ಅವರು ಬೊಟ್ಟು ಸವರಿದರು, ಇಂಚು ಕೊಟ್ಟರು, ಸೆಂಟು ಕೊಟ್ಟರು, ಎಂಟರ್ ಒತ್ತಿದರು.

ನನಗೇನೂ ಕೇಳಿಸಲಿಲ್ಲ. ಅವರ ಮುಖವನ್ನೇ ನೋಡುತ್ತ, "ಬಂತಾ?" ಅಂದೆ.

"ಯಾಕೆ, ನಿಂಗೆ ಕೇಳ್ಸಲಿಲ್ವಾ?"

"ಇಲ್ಲ."

"ಹಂಗಾರೆ ನನ್ ಮಾತ್ ನಂಬು," ಅಂದರು.